ಪುಲ್ಲಿಯ ಮೇಲಿನ ಗಂಧದ ಬೊಟ್ಟು

ಕಾರಿನ ಎಂಜಿನ್ ಕೆಲಸಕ್ಕೆ ಹೊಸದಾಗಿ ಕೈ ಹಾಕುವವರು ನನ್ನನ್ನು ಕೇಳುವುದು ಹೆಚ್ಚಾಗಿ ಎರಡೇ ವಿಷಯ: ಯಾವ ಸ್ಪಾನರ್ ಸೆಟ್ ಕೊಳ್ಳಬೇಕು, ಯಾವ ಬೆಲ್ಟ್ ಬಾಳಿಕೆ ಬರುತ್ತದೆ. ಇವೆರಡಕ್ಕೂ ಬಿಡಿಭಾಗದ ಅಂಗಡಿಯವರು ನನಗಿಂತ ಚೆನ್ನಾಗಿ ಉತ್ತರ ಹೇಳುತ್ತಾರೆ. ಹೊಸೂರಿನ ಶೆಡ್ಡುಗಳಲ್ಲಿ ದುಡಿದು, ಈಗ ಗುಮ್ಮಳಾಪುರದ ಮನೆಯಲ್ಲಿ ಕೈ ತೊಳೆದುಕೊಂಡು ಕೂತಿರುವ ನಾನು ಬರೆದಿಡಬಹುದಾದದ್ದು ನನ್ನ ಕಣ್ಣೆದುರು ನಡೆದದ್ದನ್ನು ಮಾತ್ರ. ಕೇಳಿ ತಿಳಿದದ್ದು ಎಲ್ಲಾದರೂ ಬಂದರೆ ಅದು ಕೇಳಿದ್ದು ಎಂದೇ ಹೇಳುತ್ತೇನೆ.

ಈ ಅಭ್ಯಾಸ ನನಗೆ ಬಂದದ್ದು ನನ್ನ ಮೊದಲ ಮೇಸ್ತ್ರಿ ವರದಪ್ಪನವರಿಂದ. ಹೊಸೂರು ಬಸ್ ನಿಲ್ದಾಣದ ಹಿಂಭಾಗದಲ್ಲಿ ಅವರ ತಗಡಿನ ಶೆಡ್ಡು ಇತ್ತು. ಕಾರು ಬಂದು ನಿಂತರೆ ಅವರು ಗಿರಾಕಿಯ ಮಾತನ್ನು ಪೂರ್ತಿ ಕೇಳುತ್ತಿದ್ದರು, ನಡುವೆ ಬಾಯಿ ಹಾಕುತ್ತಿರಲಿಲ್ಲ. ಆಮೇಲೆ ಉದ್ದದ ಸ್ಕ್ರೂಡ್ರೈವರನ್ನು ಎಂಜಿನ್ನಿಗೆ ಒತ್ತಿ, ಅದರ ಹಿಡಿಯನ್ನು ಕಿವಿಗೆ ಇಟ್ಟುಕೊಂಡು ಅಷ್ಟೇ ಹೊತ್ತು ಎಂಜಿನ್ನಿನ ಮಾತು ಕೇಳುತ್ತಿದ್ದರು.

"ಗಿರಾಕಿ ಹೇಳಿದ್ದು ಒಂದ್ ಕಿವಿಗೆ, ಇಂಜಿನ್ ಹೇಳಿದ್ದು ಇನ್ನೊಂದ್ ಕಿವಿಗೆ. ಎರಡ್ನೂ ಕಲಸ್ಬೇಡ ಕಣ್ಲಾ," ಎನ್ನುತ್ತಿದ್ದರು.

ಕಲಸಿದರೆ ಏನಾಗುತ್ತದೆ ಎಂಬುದಕ್ಕೆ ಒಂದು ಉದಾಹರಣೆ. ಕೃಷ್ಣಗಿರಿಯ ಮಾವಿನ ಮಂಡಿಯವರೊಬ್ಬರ ಕಾರು ಬಿಸಿಯಾಗುತ್ತಿತ್ತು. ರೇಡಿಯೇಟರ್ ಹೋಗಿದೆ ಎಂದು ಅವರೇ ತೀರ್ಮಾನಿಸಿ, ಬೇರೆ ಶೆಡ್ಡಿನಲ್ಲಿ ಹೊಸ ರೇಡಿಯೇಟರ್ ಹಾಕಿಸಿದ್ದರು. ಕಾರು ಮತ್ತೂ ಬಿಸಿಯಾಗುತ್ತಿತ್ತು. ವರದಪ್ಪನವರು ಸ್ಕ್ರೂಡ್ರೈವರ್ ಕಿವಿಗಿಟ್ಟು ನೋಡಿ ನೀರಿನ ಪಂಪ್ ಬಿಚ್ಚಿಸಿದರು. ಎಂಜಿನ್ನಿನೊಳಗೆ ನೀರನ್ನು ಸುತ್ತಾಡಿಸುವ ಪಂಪ್ ಅದು. ಒಳಗಿನ ಚಕ್ರದ ರೆಕ್ಕೆಗಳು ಇಲಿ ತಿಂದ ರಾಗಿರೊಟ್ಟಿಯ ಅಂಚಿನಂತಾಗಿದ್ದವು. ಸುತ್ತ ಸುಣ್ಣದ ಹಾಗೆ ಬಿಳಿ ಪೊರೆ ಕಟ್ಟಿತ್ತು.

"ಏನ್ ನೀರು ಹಾಕ್ತಿದ್ರಿ ಸ್ವಾಮಿ?"

"ನಮ್ ತೋಟದ ಬೋರ್ ನೀರು. ಅದೇ ನೀರು ಕುಡ್ದು ನಮ್ ಮಾವಿನ ಗಿಡ ಹೆಂಗ್ ಬಿಟ್ಟವೆ ಬಂದ್ ನೋಡಿ. ಗಿಡಕ್ಕಾಗಿದ್ದು ಕಾರಿಗಾಗಲ್ವಾ?"

"ಕಾರಿಗಾಗಿದ್ದು ಗಿಡಕ್ಕಾಗ್ತದಾ ಅಂತ ಒಂದ್ ಕ್ಯಾನ್ ಡೀಸೆಲ್ ಹಾಕಿ ನೋಡಿ," ಎಂದರು ವರದಪ್ಪನವರು.

ನಮ್ಮ ಕಡೆಯ ಬೋರ್‌ವೆಲ್ ನೀರು ಗಡಸು. ಅದನ್ನು ಎಂಜಿನ್ನಿಗೆ ಹಾಕಬೇಡಿ. ಕೂಲಂಟ್ ಎಂದು ಮಾರುವ ಬಣ್ಣದ ದ್ರವ ಬಂದ ಮೇಲೂ, ನನ್ನ ಕೆಲಸದ ಕೊನೆಯ ವರ್ಷಗಳಲ್ಲೂ, ನಾನು ಬಿಚ್ಚಿದ ಎಷ್ಟೋ ಪಂಪುಗಳಲ್ಲಿ ಅದೇ ಬಿಳಿ ಪೊರೆ ಇತ್ತು.

ಪಂಪಿನ ವಿಷಯ ಬಂದಿದ್ದರಿಂದ ಬೆಲ್ಟಿನ ವಿಷಯವನ್ನೂ ಹೇಳಲೇಬೇಕು. ನಾನು ಕೆಲಸಕ್ಕೆ ಸೇರಿದಾಗ ನಮ್ಮ ಶೆಡ್ಡಿಗೆ ಬರುತ್ತಿದ್ದ ಎಂಜಿನ್ನುಗಳ ಒಳಗೆ ಕಬ್ಬಿಣದ ಚೈನು ಇರುತ್ತಿತ್ತು. ಆಮೇಲೆ ಹಲ್ಲಿರುವ ರಬ್ಬರ್ ಬೆಲ್ಟ್ ಬಂತು. ವರದಪ್ಪನವರಿಗೆ ಅದು ಹಿಡಿಸಲಿಲ್ಲ. "ರಬ್ಬರ್ ನಂಬ್ಕೊಂಡು ಇಂಜಿನ್ನಾ? ಚಡ್ಡಿಗೆ ಹಾಕಾದು ಅದು," ಎನ್ನುತ್ತಿದ್ದರು. ಆದರೂ ಕಲಿತರು, ನಮಗೂ ಕಲಿಸಿದರು.

ಆ ಬೆಲ್ಟ್ ಮಾಡುವ ಕೆಲಸವನ್ನು ಅವರು ವಿವರಿಸಿದ್ದಕ್ಕಿಂತ ಚೆನ್ನಾಗಿ ನನಗೆ ವಿವರಿಸಲು ಬರುವುದಿಲ್ಲ. ಒಂದೇ ಒರಳಿನಲ್ಲಿ ಇಬ್ಬರು ಹೆಂಗಸರು ಎರಡು ಒನಕೆ ಹಿಡಿದು ಕುಟ್ಟುವುದನ್ನು ನೋಡಿದ್ದೀರಲ್ಲ. ಒಬ್ಬಳ ಒನಕೆ ಇಳಿಯುವಾಗ ಇನ್ನೊಬ್ಬಳದು ಏರಬೇಕು. ಲಯ ತಪ್ಪಿದರೆ ಒನಕೆಗೆ ಒನಕೆ ಬಡಿಯುತ್ತದೆ. ಎಂಜಿನ್ನಿನಲ್ಲಿ ಕೆಳಗಿನಿಂದ ಏರಿ ಬರುವುದು ಪಿಸ್ಟನ್, ಮೇಲಿನಿಂದ ಇಳಿದು ಬರುವುದು ವಾಲ್ವ್. ಎರಡರ ಲಯವನ್ನು ಹಿಡಿದಿಡುವುದು ಟೈಮಿಂಗ್ ಬೆಲ್ಟ್. ಅದನ್ನು ಕೆಲವು ಹಲ್ಲು ತಪ್ಪಿ ಕೂರಿಸಿ ಕೀಲಿ ತಿರುಗಿಸಿದರೆ ಪಿಸ್ಟನ್ ಹೋಗಿ ವಾಲ್ವಿಗೆ ಬಡಿಯುತ್ತದೆ. ಹಳೆಯ ಕಾರಾದರೆ ಅಲ್ಲಿಗೆ ಅದರ ಆಯಸ್ಸು ಮುಗಿದಂತೆ. ಅದನ್ನು ರಿಪೇರಿ ಮಾಡಿಸುವುದಕ್ಕಿಂತ ಗುಜರಿಗೆ ಹಾಕುವುದೇ ಲೇಸು ಎಂದು ಎಲ್ಲರೂ ಹೇಳುತ್ತಾರೆ.

ಕೆಲವು ಎಂಜಿನ್ನುಗಳಲ್ಲಿ ಅದೇ ಬೆಲ್ಟ್ ನೀರಿನ ಪಂಪನ್ನೂ ತಿರುಗಿಸುತ್ತದೆ. ಅಲ್ಲಿ ಪಂಪಿಗಾಗಿ ಬೆಲ್ಟ್ ತೆಗೆದರೆ ಬೆಲ್ಟನ್ನೂ ಬದಲಿಸಿ, ಬೆಲ್ಟಿಗಾಗಿ ತೆಗೆದರೆ ಪಂಪನ್ನೂ ಬದಲಿಸಿ. ಎರಡನ್ನೂ ಕೂರಿಸಿದ ಮೇಲೆ ಕೀಲಿ ಮುಟ್ಟುವ ಮುಂಚೆ ಎಂಜಿನ್ನನ್ನು ಕೈಯಲ್ಲಿ ಸ್ಪಾನರ್ ಹಾಕಿ ಪೂರ್ತಿ ಎರಡು ಸುತ್ತು ತಿರುಗಿಸಿ. ಗುರುತುಗಳು ಮತ್ತೆ ಅವುಗಳ ಜಾಗಕ್ಕೆ ಬಂದು ನಿಲ್ಲಬೇಕು. ವರದಪ್ಪನವರು ಈ ಎರಡು ಸುತ್ತನ್ನು ಎಂದೂ ಬಿಟ್ಟವರಲ್ಲ. ಕಾರಿನ ಮಾಲೀಕರು ಅವಸರ ಮಾಡಿದರೆ, "ದೇವಸ್ಥಾನಕ್ಕೆ ಹೋದ್ರೆ ಮೂರ್ ಸುತ್ತು ಹಾಕ್ತೀರಲ್ಲ ಸ್ವಾಮಿ, ಇಲ್ಲಿ ಎರಡಕ್ಕೇ ಸುಸ್ತಾ?" ಎನ್ನುತ್ತಿದ್ದರು.

ಆ ಎರಡು ಸುತ್ತು ಏಕೆ ಎಂದು ಹೇಳಲು ಒಂದು ಕಾರಿನ ಕಥೆ ಸಾಕು.

ಆಗ ನಾನು ಡೆಂಕಣಿಕೋಟೆ ರಸ್ತೆಯಲ್ಲಿದ್ದ ಸೆಲ್ವಂ ಅವರ ಶೆಡ್ಡಿನಲ್ಲಿ ಹಿರಿಯ ಮೆಕ್ಯಾನಿಕ್ ಆಗಿದ್ದೆ. ನಾನು ಕೆಲಸ ಬಿಡುವುದಕ್ಕೆ ಹೆಚ್ಚು ದಿನ ಉಳಿದಿರಲಿಲ್ಲ. ಆಯುಧ ಪೂಜೆ ಹತ್ತಿರ ಬಂದಿತ್ತು. ಒಂದು ಬೆಳಿಗ್ಗೆ ಹಳೆಯ ಡೀಸೆಲ್ ಕಾರೊಂದು ಬಾನೆಟ್ಟಿನಿಂದ ಹಬೆ ಬಿಡುತ್ತಾ ಬಂದು ನಿಂತಿತು. ಹಿಂದಿನ ಸೀಟಿನ ತುಂಬ ನೀರಿನ ಕ್ಯಾನುಗಳು. ಓಡಿಸಿಕೊಂಡು ಬಂದಿದ್ದ ಹೆಂಗಸು ಕೆಳಗಿಳಿದು ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಹೆಸರು ಚಿಕ್ಕತಾಯಮ್ಮ, ನಾಟ್ರಾಂಪಾಳ್ಯದ ಆಚೆ ಕಾಡಂಚಿನ ಹಳ್ಳಿಯವಳು. ರಾಗಿ, ಹುರುಳಿ ಬೆಳೆಯುವ ಮನೆ. ಗಂಡ ಹೊಸೂರಿನ ಒಂದು ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸಕ್ಕಿದ್ದು, ವಾರಕ್ಕೊಮ್ಮೆ ಊರಿಗೆ ಹೋಗುತ್ತಿದ್ದ. ಕಾರು ಕೊಂಡವನು ಅವನು, ಓಡಿಸಲು ಕಲಿತವಳು ಇವಳು.

"ಅಂಚೆಟ್ಟಿಯಿಂದ ಇಲ್ಲೀಗಂಟ ನೀರು ಕುಡಿಸ್ಕೊಂಡೇ ಬಂದಿವ್ನಿ ಅಣ್ಣ, ತಬ್ಬಲಿ ಕರೂಗೆ ಹಾಲು ಕುಡಿಸ್ದಂಗೆ," ಎಂದಳು. "ಸ್ಕೂಲ್ ತೆಗಿಯೋ ಹೊತ್ಗೆ ಇದು ಓಡ್ಬೇಕು. ಆಗ್ತದಾ ಇಲ್ವಾ, ಅದೊಂದ್ ಹೇಳ್ಬುಡಿ."

ಶಾಲೆಗೂ ಕಾರಿಗೂ ಏನು ಸಂಬಂಧ ಎಂದು ಕೇಳಿದೆ. ಅವಳು ಹೇಳಿದ್ದು ಇಷ್ಟು. ಅವಳ ಮಗಳೂ ಸೇರಿ ಆ ಹಳ್ಳಿಯ ಐದು ಹುಡುಗಿಯರು ಅಂಚೆಟ್ಟಿಯ ಶಾಲೆಗೆ ಹೋಗುತ್ತಾರೆ. ಬಸ್ಸಿನ ಹೊತ್ತಿಗೂ ಶಾಲೆಯ ಹೊತ್ತಿಗೂ ಕೂಡಿ ಬರುವುದಿಲ್ಲ. ಆನೆ ಓಡಾಡುವ ದಾರಿಯಾದ್ದರಿಂದ ನಡೆಸಿ ಕಳಿಸುವ ಹಾಗಿಲ್ಲ. ಇವಳು ಮಗಳನ್ನು ಬಿಡಲು ಶುರು ಮಾಡಿದ ಮೇಲೆ ಉಳಿದ ನಾಲ್ವರ ಮನೆಯವರೂ ಒಪ್ಪಿ ಕಳಿಸಿದ್ದರು. ಶಾಲೆಗೆ ರಜೆ ಕೊಡುವ ಮುಂಚಿನ ವಾರ ಕಾರು ದಾರಿಯಲ್ಲಿ ಕೆಟ್ಟು ನಿಂತಿತ್ತು.

ಅದೇ ಹಳ್ಳಿಗೆ ಬೆಳಿಗ್ಗೆ ಇನ್ನೊಂದು ಗಾಡಿ ಬರುತ್ತದೆ. ತಳಿ, ಡೆಂಕಣಿಕೋಟೆ ಕಡೆ ಪ್ಲಾಸ್ಟಿಕ್ ಹೊದಿಕೆಯ ಮನೆಗಳಲ್ಲಿ ಗುಲಾಬಿ ಬೆಳೆಯುತ್ತಾರಲ್ಲ, ಅಲ್ಲಿಗೆ ಹೂ ಕತ್ತರಿಸಲು ಹೆಂಗಸರನ್ನು ಕರೆದೊಯ್ಯುವ ವ್ಯಾನು. ಐವರಲ್ಲಿ ಒಬ್ಬಳಾದ ಮಂಜುಳ ರಜೆ ಶುರುವಾದ ದಿನದಿಂದ ಅದನ್ನು ಹತ್ತುತ್ತಿದ್ದಳು.

"ರಜೆ ಮುಗಿಯೋಗಂಟ ಅಂತ ಅವ್ರಪ್ಪ ಕಳಿಸವ್ನೆ," ಎಂದಳು ಚಿಕ್ಕತಾಯಮ್ಮ. "ಸ್ಕೂಲ್ ತೆಗೆದ್ ದಿನ ನನ್ ಕಾರು ಬಾಗ್ಲಿಗೆ ಬರ್ಲಿಲ್ಲ ಅಂದ್ರೆ ಆ ರಜೆ ಮುಗಿಯಾದೇ ಇಲ್ಲ. ಅವ್ಳು ಹೋದ್ಲು ಅಂತ ಇನ್ನೊಬ್ಳು, ಇನ್ನೊಬ್ಳು ಹೋದ್ಲು ಅಂತ ಮತ್ತೊಬ್ಳು. ವ್ಯಾನು ಒಂದ್ ದಿನಾನೂ ನಿಂತಿಲ್ಲ ಅಣ್ಣ. ನನ್ ಕಾರೇ ನಿಂತಿರಾದು."

ಬಾನೆಟ್ ಎತ್ತಿ ಸ್ಕ್ರೂಡ್ರೈವರ್ ಕಿವಿಗಿಟ್ಟೆ. ಪಂಪಿನ ಬೇರಿಂಗ್ ಮರಳು ಅರೆದ ಹಾಗೆ ಸದ್ದು ಮಾಡುತ್ತಿತ್ತು. ಪಂಪಿನ ಕೆಳಗೆ, ಸೀಲ್ ಹೋದರೆ ನೀರು ಹೊರಬರಲೆಂದೇ ಒಂದು ಸಣ್ಣ ತೂತು ಇರುತ್ತದೆ. ಅಲ್ಲಿಂದ ನೀರು ಸುರಿದು ಒಣಗಿದ ಗೆರೆ ಕಂಡಿತು. ಬೆಲ್ಟಿನ ಹಲ್ಲುಗಳು ನೆನೆದು ಮೆತ್ತಗಾಗಿದ್ದವು. ಇನ್ನೊಂದಷ್ಟು ದೂರ ಓಡಿಸಿದ್ದರೆ ಬೆಲ್ಟ್ ಹರಿದೇ ಹೋಗುತ್ತಿತ್ತು.

"ಪಂಪು, ಬೆಲ್ಟು ಎರಡೂ ಹಾಕ್ಬೇಕು. ಸಾಮಾನು ಸಿಕ್ಕಿದ್ರೆ ಆಗ್ತದೆ. ಸಿಗ್ತದೆ ಅಂತ ಈಗ್ಲೇ ಹೇಳಕ್ಕಾಗಲ್ಲ," ಎಂದೆ.

"ಆಗ್ತದೆ ಅಂತ ಹೇಳುದ್ರೆ ನಿಮ್ದೇನ್ ಗಂಟು ಹೋಯ್ತದೆ ಅಣ್ಣ?"

"ನೋಡ್ದೇ ಹೇಳಲ್ಲಮ್ಮ."

ಶೆಡ್ಡಿನಲ್ಲಿ ನನ್ನ ಜೊತೆ ಕೆಲಸ ಮಾಡುತ್ತಿದ್ದ ಮೆಕ್ಯಾನಿಕ್ ನಾಗೇಶ ನಕ್ಕ. "ಅಕ್ಕಾ, ಇವ್ರನ್ನ ಇವತ್ ಏನ್ ವಾರ ಅಂತ ಕೇಳಿ, ಕ್ಯಾಲೆಂಡರ್ ನೋಡ್ಬುಟ್ಟೇ ಹೇಳೋದು."

ನಾನೂ ನಾಗೇಶನೂ ಸೇರಿ ಬಿಚ್ಚಿದೆವು. ಬೆಲ್ಟ್ ತೆಗೆಯುವ ಮುಂಚೆ, ಹಲ್ಲಿನ ಗಾಲಿಗಳು, ಅಂದರೆ ನಾವು ಪುಲ್ಲಿ ಎನ್ನುವ ಚಕ್ರಗಳು, ಯಾವ ಜಾಗದಲ್ಲಿ ನಿಂತಿವೆ ಎಂದು ತಿಳಿಯಲು ಒಂದೊಂದರ ಮೇಲೂ ಬಿಳಿ ಪೇಂಟಿನ ಚುಕ್ಕೆ ಇಟ್ಟೆವು. ಕಾರ್ಖಾನೆಯಲ್ಲೇ ಕೊರೆದ ಸಣ್ಣ ಗೆರೆಯ ಗುರುತು ಇದ್ದೇ ಇರುತ್ತದೆ. ಆದರೆ ಹಳೆಯ ಎಂಜಿನ್ನಿನಲ್ಲಿ ಅದು ಜಿಡ್ಡಿನಡಿ ಮುಚ್ಚಿಹೋಗಿರುವುದರಿಂದ ಎಲ್ಲ ಶೆಡ್ಡುಗಳಲ್ಲೂ ಈ ಪೇಂಟಿನ ಚುಕ್ಕೆಯ ರೂಢಿ ಇದೆ. ಬೆಂಗಳೂರಿನಿಂದ ತರಿಸಿದ ಪಂಪ್ ಬಂತು. ಬೋಲ್ಟಿನ ತೂತುಗಳು ಕೂಡಲಿಲ್ಲ. ಅದೇ ಕಾರಿನ ಬೇರೆ ಎಂಜಿನ್ನಿನ ಪಂಪನ್ನು ಕಳಿಸಿದ್ದರು. ವಾಪಸ್ಸು ಕಳಿಸಿ ಸರಿಯಾದದ್ದು ಬರುವಷ್ಟರಲ್ಲಿ ಹಬ್ಬ ಬಂತು. ಕಾರು ಬೆಲ್ಟಿಲ್ಲದೆ, ಪುಲ್ಲಿಗಳು ಬಯಲಾಗಿ, ಮೂಲೆಯಲ್ಲಿ ನಿಂತೇ ಇತ್ತು. ನಾನು ಹಬ್ಬಕ್ಕೆ ಊರಿಗೆ ಹೋದೆ.

ಹಬ್ಬದ ದಿನ ಶೆಡ್ಡಿನಲ್ಲಿ ನಡೆದದ್ದನ್ನು ನಾನು ನೋಡಿಲ್ಲ, ಆಮೇಲೆ ಕೇಳಿ ತಿಳಿದದ್ದು. ಆಯುಧ ಪೂಜೆ ಎಂದರೆ ಮಾಲೀಕರು ವರ್ಷಕ್ಕೊಮ್ಮೆ ತಾವೇ ಬಟ್ಟೆ ಹಿಡಿದು ಒರೆಸುವ ದಿನ. ಸೆಲ್ವಂ ಅವರು ಲುಂಗಿ ಮೇಲೆ ಕಟ್ಟಿ, ಡೀಸೆಲ್ ಅದ್ದಿದ ಬಟ್ಟೆ ಹಿಡಿದು ಜಾಕು, ಸ್ಪಾನರು, ಕಂಪ್ರೆಸರು, ಯಾವುದನ್ನೂ ಬಿಡದೆ ಒರೆಸಿದರು. ಬಿಚ್ಚಿಟ್ಟ ಎಂಜಿನ್ನನ್ನೂ ಒರೆಸಿದರು. ವಾಲ್ವುಗಳನ್ನು ನಡೆಸುವ ಮೇಲಿನ ಪುಲ್ಲಿಯ ಹಿಂಬದಿಯ ಜಿಡ್ಡು ಕೈಗೆ ಸಿಗದಿದ್ದಾಗ ಸ್ಪಾನರ್ ಹಾಕಿ ಅದನ್ನು ಒಂದಿಷ್ಟು ತಿರುಗಿಸಿಕೊಂಡು ಒರೆಸಿದರು. ಜಿಡ್ಡಿನ ಜೊತೆ ನಮ್ಮ ಪೇಂಟಿನ ಚುಕ್ಕೆಗಳೂ ಹೋದವು. ಆಮೇಲೆ ಶೆಡ್ಡಿನ ಹಿಂದಿನ ಮನೆಯಿಂದ ಅವರ ತಾಯಿ ಕಾಮಾಕ್ಷಮ್ಮ ತಟ್ಟೆ ಹಿಡಿದು ಬಂದರು. ಕಂಡ ಕಂಡ ಆಯುಧಕ್ಕೆಲ್ಲ ಗಂಧದ ಬೊಟ್ಟು, ಅದರ ಮೇಲೆ ಕುಂಕುಮ. ಮಗ ಹೊಳೆಯುವ ಹಾಗೆ ಒರೆಸಿದ್ದ ಪುಲ್ಲಿಗಳನ್ನು ನೋಡಿ, ಒಂದೊಂದರ ನೆತ್ತಿಗೂ ಅಳತೆಯಿಟ್ಟ ಹಾಗೆ ಒಂದೊಂದು ಬೊಟ್ಟು ಇಟ್ಟರು. ಬೂದುಗುಂಬಳ ಒಡೆದು, ಪುರಿ ಕಡಲೆ ಹಂಚಿ, ಶೆಡ್ಡಿಗೆ ಬೀಗ ಹಾಕಿದರು.

ಹಬ್ಬ ಕಳೆದು ಬಂದಾಗ ಸರಿಯಾದ ಪಂಪೂ ಬಂದಿತ್ತು. ಮಾರನೆಯ ದಿನವೇ ಶಾಲೆ. ಚಿಕ್ಕತಾಯಮ್ಮ ಬೆಳಗಿನ ಬಸ್ಸಿಗೇ ಬಂದು ಶೆಡ್ಡಿನ ಎದುರಿನ ಕಲ್ಲಿನ ಮೇಲೆ ಕೂತಿದ್ದಳು. ನಾನು ಕಾರಿನ ಕೆಳಗೆ ಮಲಗಿ ಪಂಪ್ ಕೂರುವ ಜಾಗವನ್ನು ಕೆರೆದು, ನೀರು ಸೋರದಂತೆ ಗ್ಯಾಸ್ಕೆಟ್ ಹಾಕಿ, ಪಂಪ್ ಬಿಗಿದೆ. ಅಷ್ಟರಲ್ಲಿ ಸೆಲ್ವಂ ಅವರು ಇನ್ನೊಂದು ಕಾರಿನ ಬ್ರೇಕ್ ನೋಡಲು ನನ್ನನ್ನು ಕರೆದರು. "ಗುರ್ತು ನೋಡಿ ಬೆಲ್ಟ್ ಕೂರ್ಸು," ಎಂದು ನಾಗೇಶನಿಗೆ ಹೇಳಿ ಹೋದೆ.

ವಾಪಸ್ಸು ಬಂದಾಗ ಬೆಲ್ಟ್ ಕೂತಿತ್ತು. ಸೆಲ್ವಂ ಅವರು ಕೀಲಿ ಹಿಡಿದು ಸೀಟಿನಲ್ಲಿ ಕೂತಿದ್ದರು.

"ವಾ ಮುನಿಯಣ್ಣ, ಸ್ಟಾರ್ಟ್ ಮಾಡೋಣ. ಪಾವಂ, ಆ ಅಮ್ಮ ಬೆಳಿಗ್ಗೆಯಿಂದ ಕಾಯ್ತಾ ಇದೆ," ಎಂದು ತಮ್ಮ ತಮಿಳು ಬೆರೆತ ಕನ್ನಡದಲ್ಲಿ ನನ್ನನ್ನು ಕರೆದರು.

"ಎರಡ್ ಸುತ್ತು ಕೈಯಲ್ಲಿ ತಿರುಗಿಸ್ಬೇಕು ಸಾರ್."

"ನಾಗೇಶನೇ ಅಲ್ವಾ ಹಾಕಿರೋದು. ಅವನಿಗೆ ಗೊತ್ತಿಲ್ವಾ?"

"ನಾಗೇಶನಿಗೆ ಗೊತ್ತು ಸಾರ್. ಇಂಜಿನ್ನಿಗೆ ಗೊತ್ತಾ ಅಂತ ನೋಡ್ತೀನಿ."

ಅವರು ಕೀಲಿಯನ್ನು ಬೆರಳಲ್ಲಿ ತಿರುಗಿಸುತ್ತಾ ಕೂತರು. ನಾನು ಕೆಳಗಿನ ದೊಡ್ಡ ಬೋಲ್ಟಿಗೆ ಸ್ಪಾನರ್ ಹಾಕಿ ನಿಧಾನವಾಗಿ ತಿರುಗಿಸಿದೆ. ಸುತ್ತು ಅರ್ಧವೂ ಆಗಿರಲಿಲ್ಲ, ಸ್ಪಾನರ್ ನಿಂತಿತು. ಒಳಗಿನ ಗಾಳಿಯ ಒತ್ತಡದಿಂದ ಬಿಗಿಯಾದರೆ ಕೈಗೆ ಸ್ಪಂಜು ಒತ್ತಿದಂತೆ ತಿಳಿಯುತ್ತದೆ, ಸ್ವಲ್ಪ ಹೊತ್ತಿಗೆ ಸಡಿಲವಾಗುತ್ತದೆ. ಇದು ಗೋಡೆಗೆ ತಾಗಿದ ಹಾಗಿತ್ತು.

"ಹೊಸಾ ಬೆಲ್ಟು ಅಣ್ಣ, ಬಿಗಿ ಇರ್ತದೆ," ಎಂದ ನಾಗೇಶ. "ಪೈಪ್ ಹಾಕಿ ಒಂದ್ ದಮ್ ಕೊಡ್ತೀನಿ ಇರಿ." ಸ್ಪಾನರಿನ ಹಿಡಿಗೆ ತೊಡಿಸುವ ಉದ್ದದ ಪೈಪನ್ನು ಅವನು ಆಗಲೇ ಕೈಗೆತ್ತಿಕೊಂಡಿದ್ದ.

"ಪೈಪ್ ಕೆಳಗಿಡ್ಲಾ."

"ಅಣ್ಣಾ, ಗುರ್ತಿಗೆ ಸರ್ಯಾಗಿ ಕೂರ್ಸಿವ್ನಿ. ಬೇಕಾದ್ರೆ ನೀವೇ ನೋಡಿ, ಚುಕ್ಕೆ ಎಲ್ಲಾ ನೆಟ್ಟಗೆ ಮೇಲಕ್ಕವೆ."

"ಕೆಳಗಿಡು ಅಂದೆ."

ನನ್ನ ದನಿ ಏರಿತ್ತೆಂದು ಕಾಣುತ್ತದೆ. ಚಿಕ್ಕತಾಯಮ್ಮ ಎದ್ದು ಹತ್ತಿರ ಬಂದಳು. ಸ್ಪಾನರನ್ನು ಬಂದ ದಾರಿಯಲ್ಲೇ ಹಿಂದಕ್ಕೆ ತಂದು, ಬಗ್ಗಿ ಚುಕ್ಕೆಗಳನ್ನು ನೋಡಿದೆ. ನಾಗೇಶ ಹೇಳಿದ್ದು ನಿಜವಾಗಿತ್ತು. ಮೇಲಿನ ಪುಲ್ಲಿಯ ನೆತ್ತಿಯ ಮೇಲೊಂದು, ಎಂಜಿನ್ನಿಗೆ ಡೀಸೆಲ್ ತಳ್ಳುವ ಡೀಸೆಲ್ ಪಂಪಿನ ಪುಲ್ಲಿಯ ಮೇಲೊಂದು, ಬಿಳಿಚಿಕೊಂಡ ಚುಕ್ಕೆಗಳು ಒಪ್ಪವಾಗಿ ನಿಂತಿದ್ದವು. ನಾನು ಹಬ್ಬದ ಮುಂಚೆ ನೋಡಿದ್ದಾಗ ಅವು ಇಷ್ಟು ದಪ್ಪಗಿರಲಿಲ್ಲ. ಉಗುರಿನಲ್ಲಿ ಒಂದನ್ನು ಕೆರೆದೆ. ಪುಡಿಯಾಗಿ ಉದುರಿತು. ಮೂಗಿಗೆ ಹಿಡಿದೆ. ಪೇಂಟಿಗೆ ಶ್ರೀಗಂಧದ ವಾಸನೆ ಇರುವುದಿಲ್ಲ.

ಅದೇ ಬೆರಳನ್ನು ನಾಗೇಶನ ಮೂಗಿನ ಮುಂದೆ ಹಿಡಿದೆ. ಅವನು ಮೂಸಿ ನೋಡಿ, ಪೈಪನ್ನು ಗೋಡೆಗೆ ಒರಗಿಸಿ, ಬೆಲ್ಟ್ ಸಡಿಲಿಸಲು ಬಗ್ಗಿದ. ಕುಂಕುಮ ಉದುರಿಹೋಗಿ ಗಂಧ ಮಾತ್ರ ಒಣಗಿ ಉಳಿದಿದ್ದ ಆ ಚುಕ್ಕೆಯನ್ನು ನಮ್ಮ ಪೇಂಟೆಂದು ಯಾರು ನೋಡಿದ್ದರೂ ನಂಬುತ್ತಿದ್ದರು. ಸೆಲ್ವಂ ಅವರು ಕಾರಿನಿಂದಿಳಿದು ಮನೆಯ ಕಡೆ ಕೂಗಿದರು: "ಅಮ್ಮಾ! ಗೇರಿಗೆಲ್ಲಾ ಪೊಟ್ಟು ಇಟ್ಟೆಯಾ?"

ಕಾಮಾಕ್ಷಮ್ಮ ಒದ್ದೆ ಕೈ ಒರೆಸಿಕೊಳ್ಳುತ್ತಾ ಬಂದರು. "ಇಟ್ಟೆ. ಆಯುಧಕ್ಕೆ ಇಡದೆ ಇನ್ಯಾವುದಕ್ಕೆ ಇಡಲಪ್ಪಾ? ನೀನೇ ತಾನೇ ಅಷ್ಟು ಚೆಂದ ಒರೆಸಿ ಇಟ್ಟಿದ್ದು?"

ಸೆಲ್ವಂ ಅವರು ಕೀಲಿಯನ್ನು ಜೇಬಿಗೆ ಹಾಕಿಕೊಂಡರು. ಒರೆಸಿದ್ದು ತಾವೇ ಎಂಬುದು ಅವರಿಗೆ ಆಗ ನೆನಪಾಗಿರಬೇಕು. ಆಕೆ ನನ್ನ ಕಡೆ ನೋಡಿದರು. "ಸಾಮಿ ಹೆಸರಲ್ಲಿ ಇಟ್ಟಿದ್ದಕ್ಕೆ ಗಾಡಿ ಕೆಟ್ಟೋಯ್ತಾ ಮುನಿಯಣ್ಣ?"

"ಕೀಲಿ ತಿರುಗಿಸಿಲ್ಲಮ್ಮ. ಗಂಧದ ವಾಸನೆ ಬಂದಿದ್ದಕ್ಕೇ ಗೊತ್ತಾಯ್ತು."

"ಪಾತ್ತಿಯಾ!" ಎಂದು ಮಗನಿಗೆ ಹೇಳಿದರು. ನೋಡಿದೆಯಾ ಎಂದು. ಆಮೇಲೆ ಎಲ್ಲರಿಗೂ ಟೀ ತಂದುಕೊಟ್ಟರು.

ಚಿಕ್ಕತಾಯಮ್ಮ ಟೀ ಲೋಟವನ್ನು ಕೈಯಲ್ಲೇ ಹಿಡಿದಿದ್ದಳು. "ಕೆಟ್ಟಿಲ್ಲ ಅಂದ್ರಲ್ಲ ಅಣ್ಣ. ಕೆಟ್ಟಿಲ್ಲ ತಾನೆ?"

"ಕೀಲಿ ತಿರುಗಿಸಿಲ್ಲ ಅಂದೆ. ವಾಲ್ವ್ ತಾಗಿರಾದು ನಿಜ. ಬಗ್ಗೈತಾ ಇಲ್ವಾ ಅನ್ನಾದು ನೋಡ್ಬುಟ್ಟೇ ಹೇಳ್ಬೇಕು."

"ಬಗ್ಗಿದ್ರೆ?"

"ಬಗ್ಗಿದ್ರೆ ಮೇಲಿನ ಭಾಗ ಬಿಚ್ಬೇಕು. ನಾಳೆಗಾಗಲ್ಲ."

ಅವಳು ಲೋಟವನ್ನು ಕಲ್ಲಿನ ಮೇಲಿಟ್ಟು ಕಾರಿನ ಪಕ್ಕದಲ್ಲೇ ನಿಂತಳು. ಅಲ್ಲಿಂದ ಮುಂದೆ ಕೂರಲಿಲ್ಲ.

ನಾಗೇಶ ಬೆಲ್ಟ್ ತೆಗೆದ. ನಾನು ಸೀಮೆಎಣ್ಣೆ ಹಾಕಿ ಬ್ರಶ್ಶಿನಿಂದ ಪುಲ್ಲಿಗಳನ್ನು ಉಜ್ಜಿದೆ. ಕಾರ್ಖಾನೆಯವರು ಕೊರೆದ ಗೆರೆಗಳು ಒಂದೊಂದಾಗಿ ಕಂಡವು. ಡೀಸೆಲ್ ಪಂಪಿನ ಪುಲ್ಲಿ ತನ್ನ ಜಾಗದಲ್ಲೇ ಇತ್ತು. ಮೇಲಿನ ಪುಲ್ಲಿಯ ಗೆರೆ ಮಾತ್ರ ಗಂಧದ ಬೊಟ್ಟಿನಿಂದ ಕೆಲವು ಹಲ್ಲು ಆಚೆ ಇತ್ತು. ಸೆಲ್ವಂ ಅವರು ಒರೆಸಲು ತಿರುಗಿಸಿದ್ದಷ್ಟೇ ದೂರ. ಗೆರೆಗೆ ಗೆರೆ ಕೂಡಿಸಿ, ಬೆಲ್ಟನ್ನು ಮತ್ತೆ ಕೂರಿಸಿ, ಬಿಗಿ ನೋಡಿದೆವು. ಸ್ಪಾನರನ್ನು ನಾಗೇಶನ ಕೈಗೇ ಕೊಟ್ಟೆ. ಮೊದಲ ಸುತ್ತು ತಡೆಯಿಲ್ಲದೆ ಹೋಯಿತು. ಎರಡನೆಯದೂ ಹೋಯಿತು. ಗೆರೆಗಳು ಮತ್ತೆ ತಮ್ಮ ಜಾಗಕ್ಕೆ ಬಂದು ನಿಂತವು.

ಅಲ್ಲಿಗೂ ಕೆಲಸ ಮುಗಿದಿರಲಿಲ್ಲ. ಒಂದೇ ಒಂದು ವಾಲ್ವ್ ಕೂದಲೆಳೆಯಷ್ಟು ಬಗ್ಗಿದ್ದರೂ ಆ ಸಿಲಿಂಡರಿನಲ್ಲಿ ಒತ್ತಡ ನಿಲ್ಲುವುದಿಲ್ಲ. ಒತ್ತಡ ಅಳೆಯುವ ಗೇಜನ್ನು ಒಂದೊಂದು ಸಿಲಿಂಡರಿಗೂ ಹಾಕಿ, ಡೀಸೆಲ್ ತಡೆದು, ಎಂಜಿನ್ ಸುತ್ತಿಸಿ ನೋಡಿದೆವು. ಮೊದಲನೆಯದು ಸರಿ. ಎರಡನೆಯದು ಸರಿ. ಮೂರನೆಯದಕ್ಕೆ ಮುಳ್ಳು ಸ್ವಲ್ಪ ಕೆಳಗೆ ನಿಂತಿತು. ಗೇಜ್ ಬಿಚ್ಚಿ ನೋಡಿದರೆ ಅದರ ವಾಶರ್ ಸೊಟ್ಟಗೆ ಕೂತಿತ್ತು. ಸರಿಪಡಿಸಿ ಮತ್ತೆ ಹಾಕಿದಾಗ ಮುಳ್ಳು ಉಳಿದವುಗಳ ಸಮಕ್ಕೆ ಬಂತು. ನಾಲ್ಕನೆಯದೂ ಸರಿ.

"ಈಗ ಹೇಳ್ತೀನಿ. ಬಗ್ಗಿಲ್ಲ," ಎಂದೆ.

ಚಿಕ್ಕತಾಯಮ್ಮ ತಣ್ಣಗಾಗಿದ್ದ ಟೀಯನ್ನು ಒಂದೇ ಗುಟುಕಿಗೆ ಕುಡಿದಳು.

ಎಂಜಿನ್ ಮೊದಲ ಸಲಕ್ಕೇ ಹಿಡಿಯಿತು. ಆದರೆ ಶೆಡ್ಡಿನಲ್ಲಿ ನಿಂತು ಓಡಿದ ಎಂಜಿನ್ ಪಂಪಿನ ಬಗ್ಗೆ ಏನೂ ಹೇಳುವುದಿಲ್ಲ. ಭಾರ ಹೊತ್ತು ಏರು ಹತ್ತಿದಾಗಲೇ ನೀರು ಸುತ್ತುವುದೋ ಇಲ್ಲವೋ ತಿಳಿಯುವುದು. ಪಂಪ್ ಹಾಕಿದ ಹಳೆಯ ಕಾರುಗಳ ಜೊತೆ ಮೊದಲ ಏರಿಗೆ ನಾನೇ ಹೋಗುವುದು ರೂಢಿ. ಬಿಸಿಲು ಇಳಿಯುವ ಮುಂಚೆ ಹೊರಟೆವು. ಅಂಚೆಟ್ಟಿ ದಾಟಿದ ಮೇಲಿನ ತಿರುವುಗಳಲ್ಲಿ ಅವಳು ಎರಡನೇ ಗೇರಿನಲ್ಲಿ ಹತ್ತಿಸುತ್ತಿದ್ದಳು. ನಾನು ಬಿಸಿಯ ಮುಳ್ಳಿನಿಂದ ಕಣ್ಣು ತೆಗೆಯಲಿಲ್ಲ. ಅದು ನಡುವೆ ಬಂದು ಅಲ್ಲೇ ನಿಂತಿತು. ಹಳ್ಳಿ ಸೇರಿದಾಗ ದನ ಕೊಟ್ಟಿಗೆಗೆ ಬರುತ್ತಿದ್ದವು. ರಾತ್ರಿ ಅವರ ಮನೆಯಲ್ಲೇ ಮುದ್ದೆ ಉಂಡು ಮಲಗಿದೆ. ಬೆಳಿಗ್ಗೆ ಅವಳ ಜೊತೆಗೇ ಇಳಿದು ಅಂಚೆಟ್ಟಿಯಲ್ಲಿ ಬಸ್ಸು ಹಿಡಿಯುವುದೆಂದು ಮಾತಾಗಿತ್ತು.

ಬೆಳಿಗ್ಗೆ ಊರ ಮುಂದಿನ ಹುಣಸೆಮರದ ಹತ್ತಿರ ಕಾರು ನಿಲ್ಲಿಸಿದಳು. ಸಮವಸ್ತ್ರ ಹಾಕಿದ್ದ ಮೂವರು ಹುಡುಗಿಯರು ಅಲ್ಲಿ ಕಾದಿದ್ದರು. ನಾಲ್ಕನೆಯವಳು ಅವಳ ಮಗಳು, ಮನೆಯಿಂದಲೇ ಹತ್ತಿದ್ದಳು. ಹೂವಿನ ವ್ಯಾನು ನಮಗಿಂತ ಮುಂಚೆಯೇ ಹಳ್ಳಿಗೆ ಬಂದು, ಹೆಂಗಸರನ್ನು ಹತ್ತಿಸಿಕೊಂಡು, ಈಗ ನಮ್ಮ ಹಿಂದೆ, ಹಳ್ಳಿಯ ಕಡೆ ನಿಂತಿತ್ತು. ಅದರ ಕಿಟಕಿಯಲ್ಲಿ ಎರಡು ಜಡೆ ಹಾಕಿದ್ದ ಒಬ್ಬ ಹುಡುಗಿ ಕೂತಿದ್ದಳು. ಚಿಕ್ಕತಾಯಮ್ಮ ಹೇಳದೆಯೂ ಅದು ಮಂಜುಳ ಎಂದು ನನಗೆ ತಿಳಿಯಿತು. ಅವಳು ಕಾರನ್ನೇ ನೋಡುತ್ತಿದ್ದಳು.

ಮೂವರು ಹತ್ತಿದರೂ ಚಿಕ್ಕತಾಯಮ್ಮ ಗಾಡಿ ತೆಗೆಯಲಿಲ್ಲ. ಆ ಜಾಗದಲ್ಲಿ ದಾರಿ ಒಂದೇ ಗಾಡಿಯ ಅಗಲ. ವ್ಯಾನಿನವನು ಹಾರ್ನ್ ಹೊಡೆದ. ಇವಳು ಎಂಜಿನ್ ಓಡುತ್ತಿದ್ದ ಹಾಗೆಯೇ ಇಳಿದು ಬಾನೆಟ್ ಎತ್ತಿದಳು.

"ಏನಮ್ಮಾ, ಮತ್ತೆ ಕೆಟ್ಟೋಯ್ತಾ? ತಳ್ಬೇಕಾ?" ಎಂದು ಅವನು ತಲೆ ಹೊರಗೆ ಹಾಕಿ ಕೇಳಿದ. ಒಳಗಿದ್ದ ಹೆಂಗಸರು ನಕ್ಕರು.

"ಕೆಟ್ಟಿಲ್ಲ ಕಣಪ್ಪ. ಹೊಸೂರಿಂದ ಮೇಸ್ತ್ರಿ ಬಂದವ್ರೆ. ಹೊಸಾ ಪಂಪು. ಅವ್ರು ಸರಿ ಅನ್ನೋಗಂಟ ಗಾಡಿ ತೆಗಿಯಂಗಿಲ್ಲ."

ನಾನು ಹಾಗೆಂದು ಹೇಳಿರಲಿಲ್ಲ. ಅವಳು ನನ್ನ ಮುಖ ನೋಡಿದಳು. ವ್ಯಾನಿನವನೂ ನೋಡಿದ.

"ಏನ್ ಮೇಸ್ತ್ರಿ, ಸರಿ ಐತಾ ಇಲ್ವಾ? ಒಂದ್ ಮಾತು ಹೇಳ್ಬುಡಿ, ನಮಗೆ ಹೊತ್ತಾಯ್ತದೆ."

"ನೋಡ್ದೇ ಹೇಳಲ್ಲಪ್ಪ," ಎಂದೆ.

ಇದರಲ್ಲಿ ಸುಳ್ಳಿರಲಿಲ್ಲ. ರಾತ್ರಿಯೆಲ್ಲ ತಣ್ಣಗೆ ನಿಂತ ಎಂಜಿನ್ ಮತ್ತೆ ಬಿಸಿಯಾದ ಮೇಲೆ ಪಂಪಿನ ಕೆಳಗಿನ ತೂತು ಒಣಗಿದೆಯೇ ಎಂದು ನೋಡಲೇಬೇಕು. ಎಲ್ಲೇ ನೋಡಿದ್ದರೂ ಆಗುತ್ತಿತ್ತು, ಅಲ್ಲೇ ನೋಡಿದೆ. ಟವೆಲ್ ಹಾಸಿ ನೆಲಕ್ಕೆ ಬಗ್ಗಿ, ಟಾರ್ಚ್ ಹಾಕಿ, ಪಂಪಿನ ಸುತ್ತ ಬೆರಳಾಡಿಸಿದೆ. ಪೈಪುಗಳನ್ನು ಒಂದೊಂದಾಗಿ ಹಿಡಿದು ನೋಡಿದೆ. ಫ್ಯಾನ್ ತಿರುಗಲು ಶುರುವಾಗುವವರೆಗೆ ಕಾದೆ. ನನ್ನ ಇಡೀ ವೃತ್ತಿಯಲ್ಲಿ ಒಂದು ಪಂಪನ್ನು ಅಷ್ಟು ಹೊತ್ತು ನೋಡಿದ್ದು ಅದೊಂದೇ ಸಲ. ವ್ಯಾನಿನವನು ಎರಡು ಸಲ ಹಾರ್ನ್ ಹೊಡೆದು ಬೀಡಿ ಹಚ್ಚಿದ. ಕಾರಿನೊಳಗಿನ ಹುಡುಗಿಯರು ಮಂಜುಳನ ಕಡೆ ನೋಡುತ್ತಿದ್ದರೇ ಹೊರತು ಕರೆಯಲಿಲ್ಲ. ಚಿಕ್ಕತಾಯಮ್ಮ ಹಿಂದಿನ ಬಾಗಿಲನ್ನು ತೆರೆದು ಅದಕ್ಕೆ ಒರಗಿ ನಿಂತಿದ್ದಳು. ಅವಳೂ ಕರೆಯಲಿಲ್ಲ.

ನೆಲದ ಮಟ್ಟದಲ್ಲಿದ್ದ ನನಗೆ ಮೊದಲು ಕಂಡದ್ದು ವ್ಯಾನಿನ ಮೆಟ್ಟಿಲಿನಿಂದ ಇಳಿದ ಎರಡು ಕಾಲುಗಳು. ಹವಾಯಿ ಚಪ್ಪಲಿ. ಅವು ಒಂದು ಗಳಿಗೆ ನಿಂತವು. ಆಮೇಲೆ ಕಾರಿನ ಕಡೆ ಬಂದವು.

"ಅಕ್ಕಾ, ಯೂನಿಫಾರಂ ಹಾಕಿಲ್ಲ. ಪುಸ್ತಕಾನೂ ತಂದಿಲ್ಲ," ಎಂಬ ದನಿ ಕೇಳಿತು.

"ಮನೆ ಇಲ್ಲೇ ಅಲ್ವೇನೆ? ಓಡೋಗ್ ಹಾಕ್ಕೊಂಡ್ ಬಾ. ಮೇಸ್ತ್ರಿ ಇನ್ನೂ ನೋಡ್ತಾನೇ ಅವ್ರೆ."

ಚಪ್ಪಲಿಗಳು ಓಡಿದವು. ನಾನು ಇನ್ನಷ್ಟು ಹೊತ್ತು ನೋಡಿದೆ. ಅವಳು ಜಡೆ ಸರಿಮಾಡಿಕೊಳ್ಳುತ್ತಾ ವಾಪಸ್ಸು ಬಂದು ಹಿಂದಿನ ಸೀಟಿಗೆ ನುಗ್ಗಿ, ಬಾಗಿಲು ಹಾಕಿಕೊಂಡ ಸದ್ದು ಕೇಳಿದ ಮೇಲೆ ಎದ್ದು ಟವೆಲ್ ಕೊಡವಿದೆ. ತೂತಿನ ಸುತ್ತ ಒಂದು ಹನಿಯೂ ಇರಲಿಲ್ಲ.

"ಸರಿ ಐತೆ," ಎಂದೆ.

ಚಿಕ್ಕತಾಯಮ್ಮ ಬಾನೆಟ್ ಹಾಕಿ, ಸೀಟಿಗೆ ಹತ್ತಿ, ಗೇರ್ ಹಾಕಿದಳು.